ಹಳೆಯ ಬುಲೆಟ್‌ನ ಮುಂದಿನ ಚಕ್ರ: ಬಿಚ್ಚುವಾಗ ಸುಲಭ, ಕೂರಿಸುವಾಗ ಕ್ರಮ ಮುಖ್ಯ

ಡ್ರಮ್ ಬ್ರೇಕಿನ ಹಳೆಯ ಬುಲೆಟ್ 350ರಲ್ಲಿ ಮುಂದಿನ ಚಕ್ರ ಬಿಚ್ಚಿ ಹಾಕಿದ ಮೇಲೆ ಬರುವ ದೂರುಗಳು ಮೂರೋ ನಾಲ್ಕೋ ಅಷ್ಟೇ. ಚಕ್ರ ಬಿಗಿಯಾಗಿ ತಿರುಗುತ್ತದೆ, ಬ್ರೇಕ್ ಒಂದು ಸುತ್ತಿನಲ್ಲಿ ಹಿಡಿದು ಬಿಡುತ್ತದೆ, ಚಕ್ರ ಹಿಡಿದಿರುವ ಫೋರ್ಕ್ ಕೆಳಗೆ ಹೋಗಿ ಮೇಲೆ ಬರಲು ತಡೆಯುತ್ತದೆ, ಸ್ಪೀಡೋಮೀಟರ್ ಮುಳ್ಳು ಸತ್ತಿರುತ್ತದೆ. ಎಲ್ಲರೂ ಮೊದಲು ಬ್ರೇಕ್ ಶೂ ಬದಲಾಯಿಸುತ್ತಾರೆ. ನಾನು ಕಂಡಂತೆ ಬಹುಪಾಲು ತೊಂದರೆ ಶೂನದ್ದಲ್ಲ, ಯಾವ ನಟ್ಟನ್ನು ಯಾವಾಗ ಬಿಗಿದೆವು ಎಂಬುದರದ್ದು.

ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ಕೆಳಗೆ ಮರದ ದಿಮ್ಮಿ ಕೊಡಿ. ಭಾರ ಡ್ರೈನ್ ಪ್ಲಗ್ ಮೇಲೆ ಬೀಳಬಾರದು. ಬ್ರೇಕ್ ಕೇಬಲ್, ಸ್ಪೀಡೋ ಕೇಬಲ್ ಕಳಚಿ, ಫೋರ್ಕಿನ ಎರಡು ಕಾಲುಗಳ ತುದಿಯ ಕ್ಯಾಪ್‌ಗಳ ನಾಲ್ಕು ನಟ್ ತೆಗೆದರೆ ಚಕ್ರ ಕೆಳಗಿಳಿಯುತ್ತದೆ. ಕ್ಯಾಪ್ ತೆಗೆಯುವ ಮೊದಲೇ ಸೆಂಟರ್ ಪಂಚ್‌ನಿಂದ ಒಂದು ಕಾಲಿಗೂ ಅದರ ಕ್ಯಾಪ್‌ಗೂ ಒಂದೊಂದು ಚುಕ್ಕೆ, ಇನ್ನೊಂದು ಜೋಡಿಗೆ ಎರಡೆರಡು ಚುಕ್ಕೆ ಹೊಡೆಯಿರಿ. ಚುಕ್ಕೆಗಳು ಮುಂಬದಿಗೇ ಇರಲಿ. ವರ್ಷಗಟ್ಟಲೆ ತನ್ನ ಕಾಲಿನ ಜೊತೆ ಕೂತ ಕ್ಯಾಪ್ ಅದಲುಬದಲಾದರೆ ಸ್ಪಿಂಡಲನ್ನು (ಚಕ್ರದ ಅಚ್ಚನ್ನು) ಒಂದೇ ಅಂಚಿನಲ್ಲಿ ಕಚ್ಚುತ್ತದೆ.

ಇನ್ನು ಬೇರಿಂಗ್. ಹೆಚ್ಚು ಸಮಯ ಕೊಡಬೇಕಾದ ಜಾಗ ಇದು. ಬುಲೆಟ್‌ನಲ್ಲಿ ಎರಡು ಬೇರಿಂಗ್‌ಗಳ ಒಳರಿಂಗ್‌ಗಳ ನಡುವಿನ ಅಂತರವನ್ನು ಸ್ಪಿಂಡಲ್‌ನಲ್ಲೇ ಕಡೆದಿರುವ ಮೆಟ್ಟಿಲಿನಂಥ ಭುಜಗಳು ಹಿಡಿದಿರುತ್ತವೆ. ಬೇರೆ ಹಲವು ಹಳೆಯ ಬೈಕ್‌ಗಳಲ್ಲಿ ಈ ಕೆಲಸವನ್ನು ಪ್ರತ್ಯೇಕ ಸ್ಪೇಸರ್ ಕೊಳವೆ ಮಾಡುತ್ತದೆ, ಚಕ್ರದ ನಡುಭಾಗವಾದ ಹಬ್ ಒಳಗಿಂದ ಅದು ಕಾಣೆಯಾಗಿರುವುದೂ ಉಂಟು. ಮೊದಲ ಬೇರಿಂಗನ್ನು ಸ್ಪಿಂಡಲ್‌ಗೆ ಹೊಡೆದು, ಆ ಜೋಡಿಯನ್ನು ಹಬ್‌ಗೆ ಇಳಿಸುತ್ತೇನೆ. ಎರಡನೆಯದನ್ನು ಹೊಡೆಯುವಾಗ ಬಳಸುವ ಕೊಳವೆ ಅಥವಾ ಬಿಲ್ಲೆ ಒಳರಿಂಗ್, ಹೊರರಿಂಗ್ ಎರಡಕ್ಕೂ ಒಟ್ಟಿಗೆ ತಾಗಬೇಕು. ಹೊರರಿಂಗ್‌ಗೆ ಮಾತ್ರ ಹೊಡೆದರೆ ಸ್ಪಿಂಡಲ್ ಮೇಲೆ ಕೂರಬೇಕಾದ ಒಳರಿಂಗ್ ಹಿಂದೆ ಉಳಿಯುತ್ತದೆ. ಒಳರಿಂಗ್‌ಗೆ ಮಾತ್ರ ಹೊಡೆದರೆ ಪ್ರತಿ ಏಟೂ ಗುಂಡುಗಳ ಮೂಲಕ ಹಾದು ಅವು ಉರುಳುವ ದಾರಿಯ ಮೇಲೆ ಗುಳಿ ಬೀಳಿಸುತ್ತದೆ. ಅಂಥ ಬೇರಿಂಗ್ ಹೊಸದಾಗಿದ್ದರೂ ಕೈಯಲ್ಲಿ ತಿರುಗಿಸಿದಾಗ ಕರಕರ ಎನ್ನುತ್ತದೆ.

ಎರಡನೆಯದು ಕೂತ ಮೇಲೆ ಸ್ಪಿಂಡಲನ್ನು ಎರಡು ಬೆರಳಲ್ಲಿ ತಿರುಗಿಸಿ ನೋಡಿ. ಬಿಗಿ ಅನ್ನಿಸಿದರೆ ಒಂದು ರಿಂಗ್ ಇನ್ನೊಂದಕ್ಕಿಂತ ಮುಂದೆ ಹೋಗಿ ಗುಂಡುಗಳು ಪಕ್ಕಕ್ಕೆ ಒತ್ತಿಕೊಂಡಿವೆ ಎಂದರ್ಥ. ಸ್ಪಿಂಡಲ್‌ನ ಎದುರು ತುದಿಗೆ ತಾಮ್ರದ ಸುತ್ತಿಗೆಯಿಂದ ಮೆಲ್ಲಗೆ ಒಂದು ಏಟು ಕೊಟ್ಟರೆ ಸಾಮಾನ್ಯವಾಗಿ ಸಡಿಲವಾಗುತ್ತದೆ. ಇಷ್ಟರಲ್ಲಿ ಸರಿಹೋಗದಿದ್ದರೆ ಮುಂದೆ ಹೋಗಬೇಡಿ, ತೆಗೆದು ಹಬ್‌ನ ಭುಜದಲ್ಲಿ ಹಳೆಯ ಗ್ರೀಸ್, ಕಬ್ಬಿಣದ ಚೂರು ಸಿಕ್ಕಿದೆಯೇ ನೋಡಿ. ಲಿಥಿಯಂ ಗ್ರೀಸನ್ನು ಬೇರಿಂಗ್ ಒಳಗೆ ಚೆನ್ನಾಗಿ ಒತ್ತಿ, ಆದರೆ ಹಬ್ಬಿನ ಟೊಳ್ಳನ್ನು ತುಂಬಬೇಡಿ. ಬಿಸಿಯಾದಾಗ ಹೆಚ್ಚುವರಿ ಗ್ರೀಸ್ ಅದನ್ನು ತಡೆಯುವ ಫೆಲ್ಟ್ ರಿಂಗ್ ದಾಟಿ ನೇರವಾಗಿ ಡ್ರಮ್ಮಿಗೇ ಬರುತ್ತದೆ. ಫೆಲ್ಟ್ ರಿಂಗ್ ಗಟ್ಟಿಯಾಗಿದ್ದರೆ ಬದಲಾಯಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಸ್ಪೇರ್ ಪಾರ್ಟ್ಸ್ ಬೀದಿಗಳಲ್ಲಿ ಹುಡುಕುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ, ದಪ್ಪ ಹೋಲಿಸಿ ತನ್ನಿ. ಮಲೆನಾಡಿನ ಮಳೆಗಾಲದಲ್ಲಿ ಓಡುವ ಗಾಡಿಗೆ ಈ ಸಣ್ಣ ರಿಂಗೇ ಬೇರಿಂಗಿನ ಆಯಸ್ಸು.

ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಊದಬೇಡಿ. ಶೂಗಳ ಮೇಲಿನ ಹಳೆಯ ಲೈನಿಂಗ್‌ಗಳಲ್ಲಿ (ಡ್ರಮ್ಮಿಗೆ ಉಜ್ಜುವ ಪದರ) ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕಟ್ಟಿ ಎಸೆಯಿರಿ. ಶೂ ತಿರುಗುವ ಪಿನ್‌ಗೂ ಶೂಗಳನ್ನು ಅಗಲಿಸುವ ಕ್ಯಾಮ್‌ಗೂ ತೀರಾ ತೆಳುವಾಗಿ ಗ್ರೀಸ್ ಸಾಕು. ಲೈನಿಂಗಿನ ಮುಂದಿನ ಅಂಚನ್ನು ಅರದಿಂದ ಸ್ವಲ್ಪ ಇಳಿಜಾರು ಮಾಡಿದರೆ ಕಿರುಚಾಟ, ಹಠಾತ್ ಹಿಡಿತ ಕಡಿಮೆಯಾಗುತ್ತದೆ.

ಈಗ ಶೂಗಳನ್ನು ಡ್ರಮ್ಮಿನ ನಡುವೆ ಕೂರಿಸುವ ಕೆಲಸ. ಶೂಗಳನ್ನು ಹೊತ್ತ ಬ್ರೇಕ್ ಪ್ಲೇಟನ್ನು ಹಿಡಿಯುವ ನಟ್ ಫೋರ್ಕಿನ ಕಾಲಿನ ಒಳಬದಿಗೆ ಬರುವುದರಿಂದ ಚಕ್ರ ಹಾಕಿದ ಮೇಲೆ ಸ್ಪ್ಯಾನರ್ ಆಡುವುದೇ ಕಷ್ಟ. ಹಾಗಾಗಿ ನಾನು ಇದನ್ನು ನೆಲದ ಮೇಲೇ ಮುಗಿಸುತ್ತೇನೆ. ನಟ್ಟನ್ನು ಕೈಬಿಗಿಗೆ ಬಿಟ್ಟು, ಕ್ಯಾಮ್ ಲಿವರ್‌ಗೆ ಪೈಪ್ ತುಂಡು ಸಿಕ್ಕಿಸಿ ಗಟ್ಟಿಯಾಗಿ ಎಳೆದು ಹಿಡಿಯುವುದು, ಹಿಡಿದಿರುವಾಗಲೇ ನಟ್ ಬಿಗಿಯುವುದು. ಶೂಗಳು ಡ್ರಮ್ಮಿಗೆ ಒತ್ತಿಕೊಂಡಾಗ ಪ್ಲೇಟ್ ತಾನೇ ಸರಿದು ನಡುವೆ ನಿಲ್ಲುತ್ತದೆ. ಹೀಗೆ ಮಾಡಿದ ಮೇಲೂ ಒಂದೇ ಜಾಗದಲ್ಲಿ ಹಿಡಿದರೆ ಡ್ರಮ್ ದುಂಡಗಿಲ್ಲ, ಮೊಟ್ಟೆಯಾಕಾರವಾಗಿದೆ. ಚಕ್ರದ ಕಡ್ಡಿಗಳನ್ನು (ಸ್ಪೋಕ್) ಹೊಸದಾಗಿ ಕಟ್ಟಿ ಅಸಮವಾಗಿ ಎಳೆದಿದ್ದರೆ ಹಾಗಾಗುತ್ತದೆ, ಅದಕ್ಕೆ ಲೇತ್ ಬೇಕು.

7 ಇಂಚಿನ ಎರಡು ಲಿವರ್‌ನ ಬ್ರೇಕ್ ಇದ್ದರೆ ಇನ್ನೊಂದು ಹೊಂದಾಣಿಕೆ ಬಾಕಿ. ಎರಡು ಲಿವರ್‌ಗಳನ್ನು ಜೋಡಿಸುವ ಕಡ್ಡಿಯ ಪಿನ್ ತೆಗೆದು, ಎರಡನ್ನೂ ಬೇರೆಬೇರೆಯಾಗಿ ಶೂ ತಾಗುವವರೆಗೆ ತಳ್ಳಿ ಹಿಡಿಯಿರಿ. ಆ ಸ್ಥಿತಿಯಲ್ಲಿ ಪಿನ್ ಒತ್ತಡವಿಲ್ಲದೆ ಜಾರಿ ಹೋಗುವಷ್ಟು ಕಡ್ಡಿಯ ಉದ್ದ ಹೊಂದಿಸಿ, ಲಾಕ್ ನಟ್ ಬಿಗಿಯಿರಿ. ಉದ್ದ ತಪ್ಪಿದರೆ ಒಂದೇ ಶೂ ದುಡಿಯುತ್ತದೆ. ಎರಡು ಶೂಗಳ ಬ್ರೇಕ್ ಒಂದರ ಬಲವನ್ನಷ್ಟೇ ಕೊಡುವುದು ಇದರಿಂದಲೇ.

ಚಕ್ರ ಎತ್ತುವಾಗ ತಪ್ಪಬಾರದ ಒಂದು ಸಂಗತಿ ಇದೆ. ಫೋರ್ಕಿನ ಕಾಲಿನ ಉಬ್ಬು ಬ್ರೇಕ್ ಪ್ಲೇಟಿನ ಸೀಳಿನೊಳಗೆ ಪೂರ್ತಿ ಕೂರಲೇಬೇಕು. ಕೂರದಿದ್ದರೆ ಮೊದಲ ಬ್ರೇಕಿಗೆ ಪ್ಲೇಟ್ ಚಕ್ರದ ಜೊತೆ ತಿರುಗಿ, ಕೇಬಲ್ ಸುತ್ತಿಕೊಂಡು ಮುಂದಿನ ಚಕ್ರ ಜಾಮ್ ಆಗುತ್ತದೆ. ಟಾರ್ಚ್ ಹಿಡಿದು ಕಣ್ಣಾರೆ ನೋಡಿ, ಬೆರಳು ಹಾಕಿ ಮುಟ್ಟಿ. ಸ್ಪಿಂಡಲ್‌ನಲ್ಲಿ ಕಡೆದ ಗ್ರೂವ್ ಇದ್ದರೆ ಕಾಲಿನ ತುದಿಯ ಸ್ಟಡ್ (ಕ್ಯಾಪ್ ನಟ್ ಕೂರುವ ಬೋಲ್ಟ್) ಅದರೊಳಗೇ ಕೂರಬೇಕು. ಸ್ಪೀಡೋ ಡ್ರೈವಿನ ಎರಡು ಕಿವಿಗಳನ್ನು ಹಬ್ಬಿನ ಸೀಳಿಗೆ ಸೇರಿಸಿ, ಡ್ರೈವನ್ನು ಕೈಯಲ್ಲಿ ಹಿಡಿದು ಚಕ್ರ ತಿರುಗಿಸಿ ನೋಡಿ. ಒಳಗಿನ ಕೇಬಲ್ ಚೌಕ ತಿರುಗದಿದ್ದರೆ ಕಿವಿ ಸೀಳಿನ ಹೊರಗೆ ಇದೆ, ಹಾಗೇ ಬಿಗಿದರೆ ನಜ್ಜುಗುಜ್ಜಾಗುತ್ತದೆ. ಕೇಬಲ್ ಚೂಪಾಗಿ ಬಾಗದ ಕೋನಕ್ಕೆ ಡ್ರೈವನ್ನು ತಿರುಗಿಸಿ ಇಡಿ.

ಕ್ಯಾಪ್‌ಗಳ ನಾಲ್ಕೂ ನಟ್ ಈಗ ಕೈಬಿಗಿ ಮಾತ್ರ. ಮೊದಲು ಬ್ರೇಕ್ ಇರುವ ಬದಿಯ ಕ್ಯಾಪಿನ ಮುಂದಿನ, ಹಿಂದಿನ ನಟ್‌ಗಳನ್ನು ಸರದಿಯಂತೆ ಕಾಲು ಕಾಲು ಸುತ್ತು ತಿರುಗಿಸುತ್ತಾ ಬಿಗಿಯಿರಿ. ಕ್ಯಾಪ್ ಮತ್ತು ಕಾಲಿನ ನಡುವಿನ ಸಂದು ಎರಡೂ ಕಡೆ ಒಂದೇ ಅಗಲ ಇರಬೇಕು. ಇನ್ನೊಂದು ಬದಿಯನ್ನು ಸಡಿಲವಾಗಿಯೇ ಬಿಟ್ಟು, ಕೇಬಲ್ ಜೋಡಿಸಿ, ಸ್ಟ್ಯಾಂಡಿನಿಂದ ಇಳಿಸಿ, ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಐದಾರು ಬಾರಿ ಜೋರಾಗಿ ಕೆಳಗೆ ಒತ್ತಿ ಬಿಡಿ. ಸಡಿಲ ಕಾಲು ಸ್ಪಿಂಡಲ್ ಮೇಲೆ ಜರುಗಿ ತನ್ನ ಜಾಗ ಹಿಡಿಯುತ್ತದೆ. ಆಮೇಲೆ ಆ ಕ್ಯಾಪ್ ಬಿಗಿಯಿರಿ. ಈ ಹೆಜ್ಜೆ ಬಿಟ್ಟರೆ ಎರಡು ಕಾಲುಗಳು ಒಂದನ್ನೊಂದು ಎಳೆದುಕೊಂಡೇ ಇರುತ್ತವೆ. ಫೋರ್ಕ್ ತಡೆಯುತ್ತದೆ, ಬುಶ್ ಮತ್ತು ಆಯಿಲ್ ಸೀಲ್ ಬೇಗ ಸವೆಯುತ್ತವೆ. ಇಷ್ಟಾದರೂ ಫೋರ್ಕ್ ತಡೆದರೆ ಮೇಲಿನ ಎರಡು ನಳಿಗೆಗಳಿಗೆ ಅಡ್ಡಲಾಗಿ ಸಮತಟ್ಟಾದ ಗಾಜಿನ ಪಟ್ಟಿ ಇಡಿ. ಗಾಜು ಮೂಲೆಯಿಂದ ಮೂಲೆಗೆ ಅಲುಗಿದರೆ ಫೋರ್ಕ್ ತಿರುಚಿಕೊಂಡಿದೆ, ಚಕ್ರದ ತಪ್ಪಲ್ಲ.

ಸುಮಾರು 50 ಕಿ.ಮೀ. ಓಡಿದ ಮೇಲೆ ನಾಲ್ಕೂ ನಟ್ಟಿಗೆ ಮತ್ತೆ ಸ್ಪ್ಯಾನರ್ ಹಾಕಿ, ಹಬ್ ಮುಟ್ಟಿ ನೋಡಿ. ಬ್ರೇಕ್ ಬಳಸದೆ ಓಡಿಸಿದರೂ ಬ್ರೇಕ್ ಬದಿ ಬಿಸಿಯಾಗಿದ್ದರೆ ಕೇಬಲ್‌ಗೆ ಬಿಟ್ಟ ಸಡಿಲ (ಆಟ) ಸಾಲದು. ಎದುರು ಬದಿ ಬಿಸಿಯಾಗಿದ್ದರೆ ಬೇರಿಂಗ್ ಮತ್ತೆ ತೆರೆಯಬೇಕು.