ಮೂರು ಡಬ್ಬಿ, ಒಂದು ಮಡಕೆ, ಬಳ್ಳಾರಿಯ ಬಿಸಿಲು

ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳಲ್ಲಿ, ಮಾಳಿಗೆ ಮೇಲಿಟ್ಟಿದ್ದ ಗೊಬ್ಬರದ ಮಡಕೆಯ ಮುಚ್ಚಳ ತೆಗೆದೆ. ಎರಡು ತಿಂಗಳಿಂದ ದಿನಾ ಹಾಕುತ್ತಾ ಬಂದಿದ್ದ ಅಡುಗೆಮನೆ ಕಸ ಹಾಕಿದ ಹಾಗೇ ಇತ್ತು. ಉಳ್ಳಾಗಡ್ಡಿ ಸಿಪ್ಪೆ ಗರಿಗರಿ ಅನ್ನುತ್ತಿತ್ತು. ಸೌತೆಕಾಯಿ ಸಿಪ್ಪೆ ಮುರುಟಿತ್ತು. ರೊಟ್ಟಿ ಚೂರು ಕಲ್ಲಾಗಿತ್ತು. ವಾಸನೆ ಇಲ್ಲ, ಹುಳ ಇಲ್ಲ, ಗೊಬ್ಬರವೂ ಇಲ್ಲ. ಪ್ರತಿ ವರ್ಷ ಸಂಡಿಗೆ, ಬಾಳಕದ ಮೆಣಸಿನಕಾಯಿ ಒಣಗಿಸುವುದು ಅದೇ ಮಾಳಿಗೆ ಮೇಲೆ. ಅದೇ ಬಿಸಿಲಲ್ಲಿ ಕಸ ಇಟ್ಟರೆ ಒಣಗದೆ ಇನ್ನೇನಾಗುತ್ತದೆ?

ನಮ್ಮ ಮನೆ ಇರುವುದು ಬಳ್ಳಾರಿಯ ಕೌಲ್ ಬಜಾರ್ ಕಡೆ. ಮನೆಯಲ್ಲಿ ಐದು ಜನ: ಅತ್ತೆ, ನಾವಿಬ್ಬರು, ಮಗಳು, ಮಗ. ನಾನು ಮನೆಯಲ್ಲೇ ಮಷಿನ್ ಇಟ್ಟುಕೊಂಡು ಜೀನ್ಸ್ ಹೊಲಿಗೆಯ ಜಾಬ್ ವರ್ಕ್ ಮಾಡುತ್ತೇನೆ. ಹೀಗಾಗಿ ಅಡುಗೆಮನೆ ಕಸದ ಜೊತೆಗೆ ಬಟ್ಟೆ ಚಿಂದಿ, ದಾರ, ಮುರಿದ ಜಿಪ್ ಕೂಡ ನಮ್ಮ ಕಸವೇ. ಮೊದಲು ಎಲ್ಲವೂ ಒಂದೇ ಡಬ್ಬಿಗೆ ಹೋಗುತ್ತಿತ್ತು. ಗಾಡಿ ತಪ್ಪಿದ ದಿನ ಕವರ್‌ಗೆ ಕಟ್ಟಿ ಓಣಿಯ ಮೂಲೆಯಲ್ಲಿ ಇಡುತ್ತಿದ್ದೆವು. ಚಿಂದಿ ಮತ್ತು ಪ್ಲಾಸ್ಟಿಕ್ ಬಚ್ಚಲಿನ ನೀರೊಲೆಗೆ ಕಿಚ್ಚು ಹಚ್ಚಲು ಬಳಕೆಯಾಗುತ್ತಿತ್ತು. ನಮ್ಮ ಓಣಿಯಲ್ಲಿ ಇದು ಯಾರಿಗೂ ತಪ್ಪು ಅನಿಸಿರಲಿಲ್ಲ.

ಬದಲಾವಣೆ ಶುರುವಾದದ್ದು ಒಂದು ಆಕಳಿಂದ. ಮೂಲೆಯಲ್ಲಿ ನಾನೇ ಕಟ್ಟಿಟ್ಟಿದ್ದ ಕವರನ್ನು ಗಂಟು ಬಿಚ್ಚಲಾರದೆ ಅದು ಅನ್ನದ ಸಮೇತ ನುಂಗುತ್ತಿತ್ತು. ಓಡಿ ಹೋಗಿ ಎಳೆದೆ, ಅರ್ಧ ಮಾತ್ರ ಕೈಗೆ ಬಂತು. ಇನ್ನರ್ಧ ಅದರ ಹೊಟ್ಟೆಗೆ ಹೋಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನದಿಂದ ಅನ್ನ, ಸಾರು ಯಾವುದನ್ನೂ ಕವರಲ್ಲಿ ಕಟ್ಟುವುದಿಲ್ಲ ಅಂತ ಗಟ್ಟಿ ಮಾಡಿಕೊಂಡೆ.

2016ರ ಘನತ್ಯಾಜ್ಯ ನಿಯಮಗಳು ಮನೆಯಲ್ಲೇ ಮೂರು ಬಗೆ ಮಾಡಬೇಕು ಅಂದಿದ್ದವು: ಹಸಿ ಕಸ, ಒಣ ಕಸ, ಮತ್ತೆ ಅಪಾಯದ ಕಸ. ನಾನೂ ಮೂರು ಡಬ್ಬಿ ತಂದೆ. ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ, ಮೂರನೆಯದಕ್ಕೆ ಹಳೆಯ ಪೇಂಟ್ ಡಬ್ಬ. ತಂದ ತಕ್ಷಣ ಎಲ್ಲ ಸರಿಯಾಗುತ್ತದೆ ಅಂದುಕೊಂಡೆ. ಆಗಲಿಲ್ಲ. ನೀಲಿ ಡಬ್ಬಿಯಲ್ಲಿ ಹಾಲಿನ ಪಾಕೀಟು ಬಿದ್ದು, ಉಳಿದ ಹಾಲು ಸೋರಿ, ಪೇಪರ್, ರಟ್ಟು ಎಲ್ಲ ಅಂಟಿಕೊಂಡು ನಾರುತ್ತಿತ್ತು. ಒಂದು ಬೆಳಗ್ಗೆ ಕಸದ ಗಾಡಿಯ ಅಕ್ಕ ಅದನ್ನು ಎತ್ತಿ ನೋಡಿ ಹೇಳಿದಳು: "ಅಕ್ಕಾರೆ, ಒಣಾದು ಒಣಾನೇ ಕೊಡ್ರಿ. ಸಾರು ಹಾಲು ತಾಗಿದ್ರೆ ಅದನ್ನ ಗುಜರಿಯವ್ರೂ ತಗಳಲ್ಲ."

ಅವಳ ಗಾಡಿಯ ಪಕ್ಕಕ್ಕೆ ಒಂದು ಗೋಣಿಚೀಲ ತೂಗುಹಾಕಿರುತ್ತಾಳೆ. ಮಾರಬಹುದಾದ ಬಾಟಲಿ, ರಟ್ಟು, ಪಾಕೀಟು ಅದಕ್ಕೆ ಹೋಗುತ್ತದೆ. ಉಳಿದದ್ದು ಗಾಡಿಗೆ. ಅಂದರೆ ನಾನು ಎರಡು ಡಬ್ಬಿಯಲ್ಲಿ ಕೊಟ್ಟರೂ, ನೀಲಿ ಡಬ್ಬಿಯಲ್ಲಿ ನೀರು ಬಿದ್ದರೆ ಅದು ಬೇರೆ ಮಾಡಿದ ಹಾಗೆ ಆಗುವುದೇ ಇಲ್ಲ. ಒದ್ದೆ ಪೇಪರ್ ಪೇಪರ್ ಆಗಿ ಉಳಿಯುವುದಿಲ್ಲ. ಮಡಕೆಯಲ್ಲಿ ಆದದ್ದು ಇದಕ್ಕೆ ತಿರುಗುಮುರುಗು: ಅಲ್ಲಿ ನೀರು ಸಾಲದೆ ಕೆಲಸ ಕೆಟ್ಟಿತ್ತು. ಒಣ ಕಸಕ್ಕೆ ನೀರು ತಾಗಬಾರದು, ಹಸಿ ಕಸಕ್ಕೆ ನೀರು ತಪ್ಪಬಾರದು. ಬಳ್ಳಾರಿಯಂಥ ಊರಲ್ಲಿ ಕಸದ ಕೆಲಸ ಅಂದರೆ ಜಾಸ್ತಿ ಪಾಲು ಇದೇ ಅಂತ ನನಗೆ ಅನಿಸುತ್ತದೆ.

ಆದರೆ ನಮ್ಮ ಓಣಿಯಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ಪಾಕೀಟು ತೊಳೆಯಲು ಕೊಡದಿಂದ ನೀರು ಸುರಿಯುವುದು ಹೇಗೆ? ಅದಕ್ಕೆ ಒಂದು ದಾರಿ ಸಿಕ್ಕಿತು. ಬೆಳಗ್ಗೆ ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಒಂದು ಬೋಗುಣಿಯಲ್ಲಿ ಇಡುತ್ತೇನೆ. ಹಾಲಿನ ಪಾಕೀಟು, ಮೊಸರಿನ ಪಾಕೀಟು, ಎಣ್ಣೆ ಇಲ್ಲದ ಡಬ್ಬಿ ಎಲ್ಲವನ್ನೂ ಅದರಲ್ಲೇ ಅದ್ದಿ ಜಾಲಿಸುತ್ತೇನೆ. ಆ ನೀರು ಸಂಜೆಗೆ ಗೊಬ್ಬರದ ಮಡಕೆಗೆ. ಹಾಲಿನ ಜಿಡ್ಡು, ಅಕ್ಕಿಯ ಗಂಜಿ ಎರಡೂ ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಊಟ. ಸೋಪಿನ ನೀರು ಮಾತ್ರ ಹಾಕಬಾರದು. ತೊಳೆದ ಪಾಕೀಟನ್ನು ಬಟ್ಟೆ ಕ್ಲಿಪ್ ಹಾಕಿ ಹಗ್ಗಕ್ಕೆ ತೂಗಿದರೆ ನಮ್ಮ ಬಿಸಿಲಿಗೆ ಹತ್ತು ನಿಮಿಷ ಸಾಕು. ಪಾಕೀಟು ಕತ್ತರಿಸುವಾಗ ಮೂಲೆಯ ಚೂರನ್ನು ಪೂರ್ತಿ ತುಂಡು ಮಾಡಬೇಡಿ, ಪಾಕೀಟಿಗೇ ಅಂಟಿಕೊಂಡಿರಲಿ. ಬೆರಳುಗುರಿನಷ್ಟು ಚೂರು ಒಮ್ಮೆ ಬೇರೆಯಾದರೆ ಅದನ್ನು ಯಾರೂ ಆರಿಸುವುದಿಲ್ಲ. ಚರಂಡಿಗೆ ಹೋಗುತ್ತದೆ, ಇಲ್ಲ ಗೊಬ್ಬರದಲ್ಲಿ ಸಿಗುತ್ತದೆ. ನನ್ನ ಮೊದಲ ಗೊಬ್ಬರದಲ್ಲಿ ಇಂಥವು ಹದಿನೇಳು ಸಿಕ್ಕವು, ಕೂತು ಎಣಿಸಿದ್ದೆ.

ಗುಜರಿಯವರು ತೆಗೆದುಕೊಳ್ಳದ ಒಣ ಕಸವೂ ಇದೆ. ಚಿಪ್ಸ್, ಬಿಸ್ಕತ್ತಿನ ಹೊಳೆಯುವ ಪಾಕೀಟು ಅದರಲ್ಲಿ ಮುಖ್ಯ. ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರಗಳನ್ನು ಒಂದಕ್ಕೊಂದು ಅಂಟಿಸಿರುತ್ತಾರೆ, ಬಿಡಿಸಲು ಬರುವುದಿಲ್ಲ. ಇಂಥದ್ದು ಬೇರೆಯಾಗಿ ಸಿಕ್ಕರೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಹೋಗಬಹುದು. ಅಲ್ಲಿನ ಬೆಂಕಿ ಸಾವಿರ ಡಿಗ್ರಿ ದಾಟಿರುತ್ತದೆ. ನಮ್ಮ ನೀರೊಲೆ ಹಾಗಲ್ಲ. ಅದರಲ್ಲಿ ಪ್ಲಾಸ್ಟಿಕ್ ಅರೆಬರೆ ಸುಡುತ್ತದೆ, ವಿಷದ ಹೊಗೆ ಬರುತ್ತದೆ. ಸ್ನಾನಕ್ಕೆ ಹೋದ ಮಗ ಕೆಮ್ಮುತ್ತಾ ಹೊರಗೆ ಬರುತ್ತಿದ್ದ. ಕಟ್ಟಿಗೆ ಹಸಿ ಇದೆ ಅಂತ ನಾವು ಸುಮ್ನಿರುತ್ತಿದ್ದೆವು. 2016ರ ಡಿಸೆಂಬರ್‌ನಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಕಟ್ಟಬೇಕು ಅಂತ ಆದೇಶ ಮಾಡಿದೆ. ಆದರೆ ನಾನು ಬಿಟ್ಟದ್ದು ದಂಡಕ್ಕೆ ಹೆದರಿ ಅಲ್ಲ, ಆ ಕೆಮ್ಮಿಗೆ. ಈಗ ಒಲೆ ಹಚ್ಚಲು ಕೊಬ್ಬರಿ ಚಿಪ್ಪು, ಶೇಂಗಾ ಸಿಪ್ಪೆ ಸಾಕಾಗುತ್ತದೆ.

ಮತ್ತೆ ಮಡಕೆಯ ವಿಷಯಕ್ಕೆ ಬರುತ್ತೇನೆ. ಗೊಬ್ಬರ ಮಾಡುವ ಬಗ್ಗೆ ನಾನು ನೋಡಿದ ವಿಡಿಯೋಗಳಲ್ಲೆಲ್ಲ ಒಂದೇ ಮಾತು: ನೀರು ಜಾಸ್ತಿಯಾಗದಂತೆ ನೋಡಿಕೊಳ್ಳಿ, ಕೊಳೆತು ನಾರುತ್ತದೆ. ಬೆಂಗಳೂರಿನ ಹವೆಗೆ ಅದು ಸರಿ ಇರಬಹುದು. ನಾನು ಅದನ್ನೇ ನಂಬಿ ಏಪ್ರಿಲ್‌ನಲ್ಲೂ ಹನಿ ನೀರು ಹಾಕದೆ, ದಿನಾ ಒಂದು ಬೊಗಸೆ ಒಣ ಎಲೆ ಹಾಕುತ್ತಾ ಹೋದೆ. ಇಲ್ಲಿ ಬೇಸಿಗೆಯ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಮೇಲಾಗಿ ಮಣ್ಣಿನ ಮಡಕೆ, ಕುಡಿಯುವ ನೀರಿನ ಗಡಿಗೆಯ ಹಾಗೆ ಅದು ಮೈಯಿಂದಲೇ ನೀರು ಬಿಡುತ್ತದೆ.

ಒಣಗಿದ ಮಡಕೆಯನ್ನು ಅತ್ತೆಗೆ ತೋರಿಸಿದೆ. ಅವರು ಸಿರುಗುಪ್ಪ ಕಡೆಯ ಹಳ್ಳಿಯವರು. ಕೈ ಹಾಕಿ ನೋಡಿ, "ತಿಪ್ಪಿಗೆ ಮಳಿ ನೀರು ಬೀಳಬೇಕವ್ವ. ಒಣಗಿದ್ರ ಅದು ಗೊಬ್ಬರ ಹೆಂಗಾಗತೈತಿ?" ಅಂದರು. ಊರಲ್ಲಿ ತಿಪ್ಪೆಗೆ ಸಗಣಿ, ಗಂಜಲ, ಕೊಟ್ಟಿಗೆ ತೊಳೆದ ನೀರು ದಿನಾ ಹೋಗುತ್ತದಲ್ಲ, ಮಳೆಗಾಲವೂ ಒಂದು ದಾಟುತ್ತದೆ. ಹಾಗಾಗಿಯೇ ವರ್ಷದೊಳಗೆ ಅದು ಹೊಲಕ್ಕೆ ಹೊಡೆಯಲು ಹದವಾಗುತ್ತದೆ. ಐವತ್ತು ವರ್ಷ ತಿಪ್ಪೆ ನೋಡಿದವರು ಮನೆಯಲ್ಲೇ ಇರುವಾಗ ನಾನು ಮೊಬೈಲ್ ನೋಡಿ ಕಲಿಯುತ್ತಿದ್ದೆ.

ಅವತ್ತೇ ಮಡಕೆಯನ್ನು ಮಾಳಿಗೆಯಿಂದ ಇಳಿಸಿ ಬಚ್ಚಲ ಹಿಂದಿನ ಉತ್ತರದ ಗೋಡೆ ಪಕ್ಕ ಇಟ್ಟೆವು. ಅಲ್ಲಿ ದಿನವಿಡೀ ನೆರಳು. ಒಣಗಿದ್ದ ಕಸವನ್ನು ಒಂದು ಪುಟ್ಟಿಗೆ ಸುರಿದು, ಎರಡು ಹಿಡಿ ಸಗಣಿ, ಒಂದು ಚೆಂಬು ಹುಳಿ ಮಜ್ಜಿಗೆ, ಅಕ್ಕಿ ತೊಳೆದ ನೀರು ಹಾಕಿ ಕಲಸಿ ಮತ್ತೆ ತುಂಬಿದೆವು. ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಒದ್ದೆ ಮಾಡಿ ಮಡಕೆಯ ಬಾಯಿಗೆ ಹೊದಿಸಿದೆ. ಗಾಳಿ ಆಡುತ್ತದೆ, ನೊಣ ಹೋಗುವುದಿಲ್ಲ, ತೇವವೂ ನಿಲ್ಲುತ್ತದೆ. ಐದನೇ ದಿನ ಕೈ ಹಾಕಿದರೆ ಒಳಗೆ ಬಿಸಿ! ಅದು ಬಿಸಿಲಿನ ಬಿಸಿ ಅಲ್ಲ, ಒಳಗಿನ ಜೀವಿಗಳು ಕೆಲಸ ಶುರು ಮಾಡಿದ ಬಿಸಿ. ಅತ್ತೆಯ ಕೈಯನ್ನೂ ಹಿಡಿದು ಒಳಗೆ ಇಡಿಸಿದೆ. ಇಬ್ಬರಿಗೂ ಖುಷಿಯಾಯಿತು.

ಹದ ನೋಡುವುದು ಸುಲಭ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿ. ಏನೂ ಕಾಣದೆ ಉದುರಿದರೆ ನೀರು ಬೇಕು. ಧಾರೆಯಾಗಿ ಇಳಿದರೆ ಒಣ ಎಲೆ ಬೇಕು. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಒಂದು ಚೆಂಬು ಹಾಕುತ್ತೇನೆ. ಮಳೆ ಹಿಡಿದ ಸೆಪ್ಟೆಂಬರ್‌ನಲ್ಲಿ ಒಂದು ಹನಿಯೂ ಬೇಡ, ಒಣ ಎಲೆಯನ್ನೇ ಎರಡರಷ್ಟು ಹಾಕುತ್ತೇನೆ. ಒಣ ಎಲೆ ಏಕೆ ಬೇಕೇಬೇಕು ಅಂದರೆ, ಬರೀ ತರಕಾರಿ ಸಿಪ್ಪೆ ಒತ್ತಾಗಿ ಕೂತು ಗಾಳಿ ಹೋಗುವುದಿಲ್ಲ. ಗಾಳಿ ಇಲ್ಲದ ಕಡೆ ಕೊಳೆತರೆ ಆ ಕೆಟ್ಟ ವಾಸನೆ. ಬೇವಿನ ಎಲೆ ಒಂದನ್ನೇ ಹಾಕಿದಾಗ ಕೆಲಸ ನಿಧಾನವಾಯಿತು. ಹೊಂಗೆ ಎಲೆ ಅರ್ಧ ಸೇರಿಸಿದ ಮೇಲೆ ಚೆನ್ನಾಗಿ ಸಾಗುತ್ತಿದೆ. ಭತ್ತದ ಹೊಟ್ಟು ನಮ್ಮ ಕಡೆ ಸುಲಭವಾಗಿ ಸಿಗುತ್ತದೆ ಅಂತ ಅದನ್ನೂ ಹಾಕಿ ನೋಡಿದೆ. ಅದು ನೀರು ಹಿಡಿಯುವುದಿಲ್ಲ, ಬೇಗ ಕಳಿಯುವುದೂ ಇಲ್ಲ. ಬೇಸಿಗೆಗಂತೂ ಬೇಡ.

ಏನೇನು ಹಾಕುತ್ತೇನೆ ಅಂತ ಅಕ್ಕಪಕ್ಕದವರು ಕೇಳುತ್ತಿರುತ್ತಾರೆ. ಸಿಪ್ಪೆ, ಚಹಾ ಚರಟ, ಪುಂಡಿ ಸೊಪ್ಪಿನ ಕಡ್ಡಿ, ಪೂಜೆಯ ಹೂವು (ದಾರ ಬಿಚ್ಚಿ), ಉಳಿದ ರೊಟ್ಟಿ, ಅನ್ನ ಎಲ್ಲ ಸೈ. ಸಾರು, ಉಪ್ಪಿನಕಾಯಿ ಹಾಕುವುದಿಲ್ಲ, ಉಪ್ಪು ಎಣ್ಣೆ ಜಾಸ್ತಿ. ಸಂಜೆ ಒಗ್ಗರಣೆ-ಮಿರ್ಚಿ ಕಟ್ಟಿಸಿಕೊಂಡು ಬಂದರೆ ಆ ಎಣ್ಣೆ ಪೇಪರ್ ನೀಲಿ ಡಬ್ಬಿಗೆ ಹೋಗಬಾರದು. ಎಣ್ಣೆ ಹತ್ತಿದ ಪೇಪರಿಂದ ಹೊಸ ಪೇಪರ್ ಮಾಡಲು ಬರುವುದಿಲ್ಲ. ಸಣ್ಣಗೆ ಹರಿದು ಮಡಕೆಗೆ ಹಾಕಿದರೆ ಕರಗುತ್ತದೆ. ಮಾವಿನ ಓಟೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ, ನಾನು ಒಣಗಿಸಿ ಒಲೆಗೆ ಹಾಕುತ್ತೇನೆ. ಮಳೆಗಾಲದಲ್ಲಿ ಅಕ್ಕಿಕಾಳಿಗಿಂತ ದೊಡ್ಡ, ಕಂದು ಬಣ್ಣದ ಹುಳಗಳು ಬಂದವು. ಮಕ್ಕಳು ಹೆದರಿದರು. ಅವು ಒಂದು ಬಗೆಯ ಕಪ್ಪು ನೊಣದ ಮರಿಗಳು. ಕಚ್ಚುವುದಿಲ್ಲ, ಕಸವನ್ನು ಬೇಗ ತಿಂದು ಮುಗಿಸುತ್ತವೆ. ಮೇಲೆ ಎಲೆ ಹಾಕಿ ಹಾಗೇ ಬಿಟ್ಟೆ.

ಮಡಕೆ ತುಂಬಿದ ಮೇಲೆ ಬೇಸಿಗೆಯಲ್ಲಿ ಒಂದೂವರೆ, ಚಳಿಗಾಲದಲ್ಲಿ ಎರಡೂವರೆ ತಿಂಗಳು ಹಿಡಿಯುತ್ತದೆ. ಆಮೇಲೆ ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ಅಷ್ಟು ಬಂದರೆ ಗೊಬ್ಬರ ಆಯಿತು ಅಂತ ಲೆಕ್ಕ.

ಮೂರನೆಯ ಡಬ್ಬಿ ಚಿಕ್ಕದು, ಆದರೆ ನನಗೆ ಎಲ್ಲಕ್ಕಿಂತ ಚಿಂತೆ ಅದರದೇ. ಅತ್ತೆಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಚುಚ್ಚಬೇಕು. ಆ ಸೂಜಿಗಳು ಮೊದಲು ಕಸದ ಜೊತೆ ಹೋಗುತ್ತಿದ್ದವು. ಗಾಡಿಯ ಅಕ್ಕ ಬರಿಗೈಯಲ್ಲಿ ಕಸ ಆರಿಸುವುದನ್ನು ಕಣ್ಣಾರೆ ನೋಡಿದ ಮೇಲೆ ಎದೆ ಝಲ್ ಅಂತು. ಈಗ ದಪ್ಪ ಪ್ಲಾಸ್ಟಿಕ್ಕಿನ ಖಾಲಿ ಬಾಟಲಿಗೆ ಹಾಕಿ, ಬಿಗಿಯಾಗಿ ಮುಚ್ಚಳ ಹಾಕುತ್ತೇನೆ. ತುಂಬಿದಾಗ ಅತ್ತೆ ತೋರಿಸಿಕೊಳ್ಳುವ ಆಸ್ಪತ್ರೆಯ ನರ್ಸಮ್ಮನ ಕೈಗೆ ಕೊಡುತ್ತೇನೆ, ಅವರಲ್ಲಿ ಸೂಜಿಗೆ ಬೇರೆ ವ್ಯವಸ್ಥೆ ಇದೆ. ಟ್ಯೂಬ್‌ಲೈಟು, ಸಿಎಫ್‌ಎಲ್ ಬಲ್ಬನ್ನು ಒಡೆಯಬಾರದು, ಒಳಗೆ ಪಾದರಸ ಇರುತ್ತದೆ. ನಾನೂ ಮಗಳೂ ಬಳಸಿದ ಪ್ಯಾಡನ್ನು ಪೇಪರಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡುತ್ತೇವೆ. ಗುರುತು ಕಂಡರೆ ಅಕ್ಕ ಬಿಚ್ಚಿ ನೋಡುವುದಿಲ್ಲ. ಮೊದಮೊದಲು ಮಗಳಿಗೆ ಮುಜುಗರ ಆಗುತ್ತಿತ್ತು. ಇನ್ನೊಬ್ಬ ಹೆಣ್ಣುಮಗಳು ಅದನ್ನು ಕೈಯಲ್ಲಿ ಮುಟ್ಟುವುದು ತಪ್ಪಲಿ ಅಂತ ಹೇಳಿದ ಮೇಲೆ ಅವಳೇ ಸ್ಕೆಚ್ ಪೆನ್ ತಂದಿಟ್ಟಳು. ಗಾಜು, ಬಳೆ ಚೂರನ್ನು ಜೀನ್ಸ್ ಚಿಂದಿಯಲ್ಲಿ ಸುತ್ತಿ ದಾರ ಕಟ್ಟುತ್ತೇನೆ. ದಪ್ಪ ಬಟ್ಟೆ, ಚುಚ್ಚುವುದಿಲ್ಲ.

ಚಿಂದಿಯ ಲೆಕ್ಕ ಮಾತ್ರ ಇನ್ನೂ ಮುಗಿದಿಲ್ಲ. ಅಂಗೈಯಗಲದ ತುಂಡುಗಳನ್ನು ಅತ್ತೆ ಕೌದಿಗೆ ಸೇರಿಸುತ್ತಾರೆ. ಉದ್ದನೆಯ ಪಟ್ಟಿಗಳಿಂದ ಸಂತೆ ಚೀಲ ಹೊಲಿಯುತ್ತೇನೆ, ಓಣಿಯ ಎಂಟು ಮನೆಯಲ್ಲಿ ಈಗ ನನ್ನ ಚೀಲ ಇದೆ. ಉಳಿಯುವುದು ಸಣ್ಣ ಚೂರು ಮತ್ತು ದಾರ. ಪೂರ್ತಿ ಹತ್ತಿ ಆಗಿದ್ದರೆ ಮಡಕೆಗೆ ಹಾಕಬಹುದಿತ್ತು. ಆದರೆ ಈಗಿನ ಸ್ಟ್ರೆಚ್ ಜೀನ್ಸಿನಲ್ಲಿ ಲೈಕ್ರಾ ಅನ್ನುವ ಹಿಗ್ಗುವ ಪ್ಲಾಸ್ಟಿಕ್ ಎಳೆ ಇರುತ್ತದೆ, ಹೊಲಿಗೆ ದಾರ ಪಾಲಿಯೆಸ್ಟರ್ ಇರುತ್ತದೆ. ಒಮ್ಮೆ ಹಾಕಿ ನೋಡಿದೆ. ಗೊಬ್ಬರ ಸೋಸುವಾಗ ನೀಲಿ ದಾರದ ಉಂಡೆಗಳು ಹಾಗೇ ಬಂದವು. ಸದ್ಯಕ್ಕೆ ಒಂದು ಹಳೆಯ ದಿಂಬಿನ ಚೀಲಕ್ಕೆ ತುರುಕುತ್ತಿದ್ದೇನೆ. ಮೂರು ದಿಂಬು ಆಗಿವೆ, ನಾಲ್ಕನೆಯದು ಅರ್ಧ ತುಂಬಿದೆ.

ಶಿವರಾತ್ರಿ ಕಳೆದ ಮೇಲೆ ಓಣಿಯ ಬೇವಿನ ಮರ ಎಲೆ ಉದುರಿಸಿತು. ಮೊದಲೆಲ್ಲ ಅದನ್ನು ಗುಡಿಸಿ ಅಲ್ಲೇ ಬೆಂಕಿ ಹಚ್ಚುತ್ತಿದ್ದರು. ಈ ಸಲ ನಾನು ಬೆಳಗ್ಗೆ ಬೇಗ ಎದ್ದು ಆರು ಚೀಲ ತುಂಬಿಕೊಂಡೆ. ಏಳನೆಯದನ್ನು ತುಂಬುವಷ್ಟರಲ್ಲಿ ಎದುರು ಮನೆಯ ಅಕ್ಕ ತನ್ನ ಚೀಲ ಹಿಡಿದುಕೊಂಡು ಬಂದಳು. ಅವಳಿಗೂ ಒಂದು ಮಡಕೆ ಬೇಕಂತೆ. ಭಾನುವಾರ ಇಬ್ಬರೂ ಕುಂಬಾರರ ಮನೆಗೆ ಹೋಗುತ್ತಿದ್ದೇವೆ.