ಮಲ್ನಾಡಿನ ಮನೇಲಿ ಅಚ್ಚುಕಟ್ಟಾದ ಬೆಡ್‌ರೂಮು: ಮೊದ್ಲು ಟೇಪು, ಆಮೇಲೆ ಮಂಚ

ಬಟ್ಟೆ ಎಷ್ಟೇ ದುಬಾರಿದಾಗಿರ್ಲಿ, ಅಳತೆ ತಪ್ಪಿದ್ರೆ ಮೈಮೇಲೆ ಕೂರಲ್ಲ. ಮಲಗೋ ಕೋಣೇನೂ ಹಾಗೇ. ಈಗ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಮನೆ ಕಟ್ಟೋರು ಫೋನಲ್ಲಿ ಫೋಟೋ ನೋಡಿ ದೊಡ್ಡ ಮಂಚ ತರ್ತಾರೆ, ಆಮೇಲೆ ಬೀರು ಬಾಗಿಲು ಅರ್ಧ ತೆಗೆಯೋದ್ರೊಳಗೆ ಮಂಚಕ್ಕೆ ತಾಗುತ್ತೆ. ಆ ಫೋಟೋದಲ್ಲಿ ನಮ್ಮ ಮಳೆನೂ ಇರಲ್ಲ.

ಮೊದ್ಲು ಟೇಪ್ ಹಿಡೀರಿ. ಕಿಂಗ್ ಸೈಜ್ ಹಾಸಿಗೆ 72 ಇಂಚು ಅಗಲ, 78 ಇಂಚು ಉದ್ದ. ಕ್ವೀನ್ ಆದ್ರೆ ಅಗಲ 60, ಉದ್ದ ಅಷ್ಟೇ. 12ಕ್ಕೆ 12 ಅಡಿ ರೂಮಲ್ಲಿ ಕಿಂಗ್ ಹಾಕಿದ್ರೆ ಎರಡೂ ಪಕ್ಕ 3 ಅಡಿ ಸಿಗುತ್ತೆ, ಎದುರಿಗೆ 2 ಅಡಿ ಆಳದ ವಾರ್ಡ್‌ರೋಬ್ ಬಂದ್ರೂ ಮಧ್ಯ 3 ಅಡಿ ಓಡಾಡೋಕೆ ಉಳಿಯುತ್ತೆ. 10ಕ್ಕೆ 11ರ ರೂಮಾದ್ರೆ ಕ್ವೀನೇ ಸಾಕು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಮಂಚ, ಬೀರು ಎಲ್ಲ ಗೆರೆ ಎಳ್ಕೊಂಡು ಒಂದಿನ ಓಡಾಡಿ ನೋಡಿ, ರಾತ್ರಿ ಎದ್ದು ಬಾತ್‌ರೂಮಿಗೆ ಹೋಗೋ ದಾರಿನೂ ಸೇರಿಸಿ.

ಎರಡನೇದು ಯಾವ ಗೋಡೆಗೆ ಯಾವುದು ಅನ್ನೋದು, ನಮ್ಮೂರಲ್ಲಿ ಇದೇ ಮುಖ್ಯ. ನಮ್ಮನೇಲಿ ವಾರ್ಡ್‌ರೋಬ್ ಮಾಡಿಸುವಾಗ ಆಚಾರ್ರು "ಪಡುವಣ ಗೋಡೆ ಬ್ಯಾಡ, ಅಲ್ಲಿ ಥಂಡಿ ಎಳೀತದೆ" ಅಂದಿದ್ರು. ನಾನು ಕೇಳ್ಲಿಲ್ಲ. ಆಷಾಢ ಮುಗಿಯೋದ್ರೊಳಗೆ ಅಮ್ಮನ ಧಾರೆ ಸೀರೆ ಮಡಿಕೆಲೆಲ್ಲ ಬಿಳೀ ಬೂಷ್ಟು, ಅದನ್ನ ನೋಡಿದಾಗಿನ ಸಂಕಟ ಇವತ್ತಿಗೂ ಇದೆ. ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸೋದು, ಜಡಿಮಳೆ ಆ ಗೋಡೆಗೇ ಹೊಡೆಯುತ್ತೆ, ಅದರಲ್ಲೂ ಗಿಲಾವು ಇಲ್ಲದ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆ ನೀರು ಚೆನ್ನಾಗಿ ಹೀರುತ್ತೆ, ಒಳಗಡೆ ಬೀರು ಅಂಟಿಕೊಂಡಿದ್ರೆ ಗಾಳಿಯಾಡಲ್ಲ. ಅದಕ್ಕೇ ವಾರ್ಡ್‌ರೋಬ್ ಒಳಗೋಡೆಗಿರ್ಲಿ, ಹಿಂದೆ 2 ಇಂಚು ಸಂದು, ಕೆಳಗೆ 4 ಇಂಚು ಎತ್ತರದ ಕಾಲು. ಪ್ಲೈವುಡ್ ಮೇಲೆ ಐಎಸ್ 710 ಅಂತ ಗುರುತಿದ್ರೆ ಅದು ನೀರು ತಡೆಯೋ ಮರೈನ್ ಪ್ಲೈ, ತುಸು ದುಬಾರಿ ಆದ್ರೂ ಅದನ್ನೇ ಹಾಕ್ಸಿ.

ಅಜ್ಜನ ಕಾಲದ ಬೀಟೆ ಮಂಚ ಅಟ್ಟದ ಮೇಲಿದ್ರೆ ದಯವಿಟ್ಟು ಮಾರಬೇಡಿ! ಪಾಲಿಶ್ ಮಾಡಿಸಿ ತನ್ನಿ, ಉಳಿದ ಮರಗೆಲಸದ ಬಣ್ಣನೂ ಅದಕ್ಕೇ ಹೊಂದಿಸಿ. ಒಂದೇ ಕೋಣೇಲಿ ನಾಲ್ಕು ತರದ ಮರದ ಬಣ್ಣ ಬಂದ್ರೆ ಕಣ್ಣಿಗೆ ನೆಮ್ಮದಿ ಇರಲ್ಲ.

ಗೋಡೆಗೆ ಬೆಣ್ಣೆ ಬಣ್ಣ, ತೆಳು ಮಣ್ಣಿನ ಬಣ್ಣ ಒಳ್ಳೇದು. ಫ್ಯಾಷನ್ನಿನ ಕಡು ಬೂದಿ ಬಣ್ಣ ಮೋಡ ಕವಿದ ಜುಲೈಲಿ ಮಧ್ಯಾಹ್ನನೇ ಸಂಜೆ ಮಾಡಿಬಿಡುತ್ತೆ. ಬಟ್ಟೆಲಿ ಒಂದು ಗಾಢ ಬಣ್ಣ ಸಾಕು, ನನಗಂತೂ ಅಡಿಕೆ ಬೇಯಿಸಿದಾಗ ಬರೋ ಚೊಗರಿನ ಕೆಂಗಂದು ಬಣ್ಣ ಇಷ್ಟ, ಹೆಗ್ಗೋಡಿನ ‘ಚರಕ’ ಅನ್ನೋ ಮಹಿಳಾ ಸಹಕಾರಿ ಸಂಘದ ಕೈಮಗ್ಗದ ಬಟ್ಟೆಗೆ ಈ ತರ ನೈಸರ್ಗಿಕ ಬಣ್ಣನೇ ಹಾಕ್ತಾರೆ. ದಿಂಬಿನ ಕವರಿಗೆ ಅದೇ ಬಣ್ಣದ ಪೈಪಿಂಗ್ ಕೊಡಿಸಿದ್ರೆ ಹೊಲಿಗೆ ಎದ್ದು ಕಾಣುತ್ತೆ. ಹೆಡ್‌ಬೋರ್ಡಿಗೆ ಮೆತ್ತೆ ಬೇಕಾದ್ರೆ ಬಿಚ್ಚಿ ಒಗೆಯೋ ಹಾಗಿರ್ಲಿ.

ಕರ್ಟನ್ನಿಗೆ ಲೆಕ್ಕ ಹೀಗೆ. ಕಿಟಕಿ 4 ಅಡಿ ಅಗಲ ಇದ್ರೆ ರಾಡ್ ಎರಡೂ ಕಡೆ 8 ಇಂಚು ಹೊರಗೆ ಬರ್ಲಿ, ಕಿಟಕಿಗಿಂತ 6 ಇಂಚು ಮೇಲಿರ್ಲಿ. ಆಗ ರಾಡ್ 5 ಅಡಿ 4 ಇಂಚು, ನೆರಿಗೆಗೆ ಅದರ ಎರಡರಷ್ಟು ಬಟ್ಟೆ, ಅಂದ್ರೆ 48 ಇಂಚು ಪನ್ನದ (ಅಗಲದ) ಮೂರು ತುಂಡು. ಎತ್ತರ ಏಳೂವರೆ ಅಡಿ, ಮಡಿಕೆಗೆ ಇನ್ನೊಂದಡಿ, ಮೂರು ತುಂಡಿಗೂ ಸೇರಿ ಒಟ್ಟು ಸುಮಾರು 8 ಮೀಟರ್. ಕಾಟನ್ ಆದ್ರೆ ನೆನೆಸಿ ಒಣಗಿಸಿ ಆಮೇಲೇ ಟೈಲರಿಗೆ ಕೊಡಿ, ಇಲ್ಲಾಂದ್ರೆ ಮೊದಲ ಒಗೆತಕ್ಕೇ ಗಿಡ್ಡ ಆಗುತ್ತೆ. ಕೆಳಗೆ ಒಂದಿಂಚು ಬಿಡಿ, ಮಳೇಲಿ ರೆಡ್ ಆಕ್ಸೈಡ್ ನೆಲ ಬೆವರಿದ್ರೆ ಬಟ್ಟೆ ತುದಿ ಕಲೆ ಆಗುತ್ತೆ.

ಲೈಟು ಕೊನೆಗೆ ಹೇಳ್ತಿದೀನಿ, ಆದ್ರೆ ವೈರಿಂಗ್ ಟೈಮಲ್ಲೇ ತೀರ್ಮಾನ ಆಗ್ಬೇಕು. ಮಧ್ಯದಲ್ಲಿ ಒಂದೇ ಬಿಳೀ ಟ್ಯೂಬ್ ಬೇಡ. 2700 ಕೆಲ್ವಿನ್ (ಬೆಚ್ಚನೆ ಹಳದಿ ಬೆಳಕಿನ) ಬಲ್ಬು ಮಂಚದ ಎರಡೂ ಕಡೆ, ಸ್ವಿಚ್ಚು ಮಲಗಿದಲ್ಲೇ ಕೈಗೆ ಸಿಗೋ ಹಾಗೆ. ಪಕ್ಕದ ಮೇಜು ಹಾಸಿಗೆಯಷ್ಟೇ ಎತ್ತರ ಇರ್ಲಿ, ಮೇಲಿನ ಡ್ರಾಯರಲ್ಲಿ ಟಾರ್ಚಿಗೆ ಜಾಗ ಬಿಡಿ, ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದ್ರೆ ಕತ್ತಲಲ್ಲಿ ತಡಕಾಡೋದು ತಪ್ಪುತ್ತೆ.