ಚೀನೀ ಭಾಷಿಕರಿಗೆ ‘ಓಪನ್’ ಕ್ರಿಯಾಪದವನ್ನು ಕಲಿಸುವ ಬಗೆ

ಚೀನೀ ಮಾತೃಭಾಷೆಯವರಿಗೆ ಇಂಗ್ಲಿಷ್ ಕಲಿಸಲು ಹೊರಟವರ ಕಿವಿಗೆ ‘ಓಪನ್ ದ ಲೈಟ್’ ಎಂಬ ವಾಕ್ಯ ಬೀಳಲು ಹೆಚ್ಚು ದಿನ ಬೇಕಾಗುವುದಿಲ್ಲ. ಅದನ್ನು ತಿದ್ದಿ ‘ಟರ್ನ್ ಆನ್ ದ ಲೈಟ್’ ಎಂದು ಬರೆಸಿದರೆ ಆ ಒಂದು ವಾಕ್ಯ ಸರಿಹೋಗುತ್ತದೆಯೇ ಹೊರತು, ಮರುದಿನ ‘ಓಪನ್ ದ ಟೀವಿ’, ಅದರ ಮಾರನೆಯ ದಿನ ‘ಓಪನ್ ದ ಕಾರ್’ ಬಂದೇ ಬರುತ್ತವೆ. ತಪ್ಪಿನ ಬೇರು ಇರುವುದು ಮ್ಯಾಂಡರಿನ್ ಭಾಷೆಯ ‘ಖಾಯ್’ ಎಂಬ ಕ್ರಿಯಾಪದದಲ್ಲಿ. ಆದ್ದರಿಂದ ಕಲಿಸುವವರು ಮೊದಲು ಅದರ ಹರವನ್ನು ಅರಿತುಕೊಳ್ಳಬೇಕು.

‘ಖಾಯ್ ಮೆನ್’ ಎಂದರೆ ಬಾಗಿಲು ತೆರೆಯುವುದು, ‘ಖಾಯ್ ತಂಗ್’ ಎಂದರೆ ದೀಪ ಹಚ್ಚುವುದು, ‘ಖಾಯ್ ಛ’ ಎಂದರೆ ವಾಹನ ಓಡಿಸುವುದು, ‘ಖಾಯ್ ಹ್ವೇ’ ಎಂದರೆ ಸಭೆ ನಡೆಸುವುದು ಅಥವಾ ಸಭೆಯಲ್ಲಿ ಕೂರುವುದು. ಹೂವು ಅರಳುವುದಕ್ಕೂ, ನೀರು ಕುದಿಯುವುದಕ್ಕೂ, ವೈದ್ಯರು ಔಷಧ ಬರೆದುಕೊಡುವುದಕ್ಕೂ, ತಮಾಷೆ ಮಾಡುವುದಕ್ಕೂ ಇದೇ ಪದ. ಇದರ ಸಾಂಪ್ರದಾಯಿಕ ಅಕ್ಷರದಲ್ಲಿ ಎರಡು ಕದಗಳ ನಡುವೆ ಅಗುಳಿಯನ್ನು ಎತ್ತುತ್ತಿರುವ ಕೈಗಳ ರೂಪವಿದೆ. ಸರಳೀಕೃತ ಲಿಪಿಯಲ್ಲಿ ಕದಗಳು ಬಿದ್ದುಹೋಗಿ ಒಳಗಿನ ಭಾಗ ಮಾತ್ರ ಉಳಿದಿದೆ. ಅರ್ಥದ ವಿಷಯದಲ್ಲೂ ಆಗಿರುವುದು ಹೆಚ್ಚುಕಡಿಮೆ ಅದೇ: ಬಾಗಿಲಿನ ಹಂಗು ತೊರೆದ ‘ಖಾಯ್’, ತಡೆದು ನಿಂತಿದ್ದ ಯಾವುದನ್ನಾದರೂ ಚಾಲನೆಗೆ ತರುವುದು ಎಂಬಷ್ಟು ವಿಶಾಲವಾಗಿದೆ.

ಇದನ್ನು ಕೇಳಿ ನಗುವ ಮುನ್ನ ನಮ್ಮ ‘ಹಾಕು’ ಪದವನ್ನು ನೆನೆಯುವುದು ಒಳ್ಳೆಯದು. ಬಾಗಿಲು ಹಾಕಿದರೆ ಮುಚ್ಚುತ್ತದೆ, ಲೈಟು ಹಾಕಿದರೆ ಹತ್ತುತ್ತದೆ; ಕನ್ನಡಿಗರಾರೂ ಇದರಲ್ಲಿ ಗೊಂದಲ ಕಾಣುವುದಿಲ್ಲ. ಚೀನೀ ಕಲಿಕಾರ್ಥಿಗೂ ‘ಖಾಯ್’ ಅಷ್ಟೇ ಸಹಜ. ಹಾಗಾಗಿ ಅವರ ವಾಕ್ಯವನ್ನು ಅಜಾಗರೂಕತೆಯೆಂದು ಬಗೆಯದೆ, ಎರಡು ಪದಗಳ ಗಡಿಗಳು ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ತೋರಿಸಬೇಕು.

ನಾನು ಬಳಸುವ ಉಪಾಯ ಒಂದೇ ಪ್ರಶ್ನೆಯದು: ‘ಇಲ್ಲಿ ಮುಚ್ಚಿಕೊಂಡಿದ್ದದ್ದು ಏನು?’ ಕದ, ಮುಚ್ಚಳ, ಹೊದಿಕೆ, ಕಣ್ಣಿನ ರೆಪ್ಪೆ, ಪುಸ್ತಕದ ರಟ್ಟು ಹೀಗೆ ಬೆರಳಿಟ್ಟು ತೋರಿಸಬಹುದಾದ ಉತ್ತರ ಬಂದರೆ ‘ಓಪನ್’ ಸರಿ. ಉತ್ತರ ಹೊಳೆಯದಿದ್ದರೆ, ವಿದ್ಯುತ್ತು, ನೀರು ಅಥವಾ ಅನಿಲ ಹರಿಯತೊಡಗುವ ಸಂದರ್ಭವಾದರೆ ‘ಟರ್ನ್ ಆನ್’, ವಾಹನವಾದರೆ ‘ಡ್ರೈವ್’. ಇಂಗ್ಲಿಷಿನವರಿಗೆ ‘ಓಪನ್ ದ ಕಾರ್’ ಎಂದರೆ ಕಾರಿನ ಬಾಗಿಲು ತೆರೆಯುವುದಷ್ಟೇ ಎಂದು ಹೇಳಿದಾಗ ಕಲಿಯುವವರಿಗೆ ವ್ಯತ್ಯಾಸ ಥಟ್ಟನೆ ಹಿಡಿಸುತ್ತದೆ. ಲ್ಯಾಪ್‌ಟಾಪ್ ಈ ಪಾಠಕ್ಕೆ ಹೇಳಿಮಾಡಿಸಿದ ವಸ್ತು: ಅದರ ಮುಚ್ಚಳ ಎತ್ತುವುದು ‘ಓಪನ್’, ಗುಂಡಿ ಒತ್ತಿ ಚಾಲೂ ಮಾಡುವುದು ‘ಟರ್ನ್ ಆನ್’, ಒಳಗಿನ ಫೈಲನ್ನು ತೆರೆಯುವುದು ಮತ್ತೆ ‘ಓಪನ್’. ಮೂರನ್ನೂ ಅವರ ಕೈಯಿಂದಲೇ ಮಾಡಿಸುತ್ತ ಹೇಳಿಸಬೇಕು. ವಿರುದ್ಧ ಪದವಾದ ‘ಕ್ವಾನ್’ ಕೂಡ ಬಾಗಿಲಿಗೂ ದೀಪಕ್ಕೂ ಒಂದೇ ಆಗಿರುವುದರಿಂದ ‘ಕ್ಲೋಸ್ ದ ಲೈಟ್’ ಎಂಬ ಅವಳಿ ತಪ್ಪನ್ನು ಅದೇ ತರಗತಿಯಲ್ಲಿ ಮುಗಿಸಿಬಿಡಬಹುದು.

ಸಭೆಯ ಪ್ರಯೋಗಕ್ಕೆ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಅಲ್ಲಿ ತಪ್ಪು ವಾಕ್ಯಕ್ಕೂ ಒಂದು ಅರ್ಥ ಹುಟ್ಟಿಬಿಡುತ್ತದೆ. ತಡವಾಗಿ ಬಂದ ವಿದ್ಯಾರ್ಥಿಯೊಬ್ಬರು ನನಗೆ ‘ಐ ವಾಸ್ ಓಪನಿಂಗ್ ಎ ಮೀಟಿಂಗ್’ ಎಂದು ಸಂದೇಶ ಕಳುಹಿಸಿದ್ದರು. ಮೂಲೆಯಲ್ಲಿ ಕುಳಿತು ಟಿಪ್ಪಣಿ ಬರೆದುಕೊಳ್ಳುತ್ತಿದ್ದ ಅವರು, ಆ ವಾಕ್ಯದ ಮಟ್ಟಿಗೆ, ಸಭೆಯನ್ನು ಉದ್ಘಾಟಿಸುತ್ತಿದ್ದರು. ‘ಓಪನ್ ಎ ಮೀಟಿಂಗ್’ ಎಂಬುದು ಆರಂಭದ ಕ್ಷಣಕ್ಕಷ್ಟೇ ಸಲ್ಲುತ್ತದೆ; ಉಳಿದ ಹೊತ್ತಿಗೆ ‘ಐ ವಾಸ್ ಇನ್ ಎ ಮೀಟಿಂಗ್’ ಎನ್ನಬೇಕು. ಅಂಗಡಿಯದೂ ಇದೇ ಕಥೆ: ತೆರೆದ ದಿನ ‘ಓಪನ್ಡ್’, ಆಮೇಲೆ ನಡೆಸಿಕೊಂಡು ಹೋಗುವುದು ‘ರನ್’.

ಎರಡು ಭಾಷೆಗಳು ಕೈಹಿಡಿದು ನಡೆಯುವ ಕಡೆಗಳೂ ಇವೆ. ಬ್ಯಾಂಕ್ ಖಾತೆ ತೆರೆಯುವುದು, ಗುಂಡು ಹಾರಿಸತೊಡಗುವುದು ಎರಡಕ್ಕೂ ಅಲ್ಲಿ ‘ಖಾಯ್’, ಇಲ್ಲಿ ‘ಓಪನ್’. ಇವುಗಳನ್ನು ಹೇಳಿ ಮುಂದೆ ಸಾಗಿದರೆ ಸಾಕು.

ನಿಜವಾದ ತೊಡಕು ವ್ಯಾಕರಣದ್ದು. ‘ದ ಶಾಪ್ ಈಸ್ ಓಪನ್’ ಎಂಬಲ್ಲಿ ‘ಓಪನ್’ ಸ್ಥಿತಿಯನ್ನು ಹೇಳುವ ವಿಶೇಷಣ; ಆದರೆ ಅದರ ಎದುರು ನಿಲ್ಲುವುದು ‘ಕ್ಲೋಸ್’ ಅಲ್ಲ, ‘ಕ್ಲೋಸ್ಡ್’. ಒಂದಕ್ಕೆ ‘ಡ್’ ಬೇಡ, ಇನ್ನೊಂದಕ್ಕೆ ಬೇಕು ಎಂಬ ಈ ಅಸಮತೆಗೆ ಸಮಾಧಾನಕರವಾದ ನಿಯಮ ಕೊಡಲು ಹೋಗದೆ ಜೋಡಿಯಾಗಿಯೇ ಬಾಯಿಪಾಠ ಮಾಡಿಸುವುದು ಲೇಸೆಂದು ನನ್ನ ಅಭಿಪ್ರಾಯ. ಕ್ರಿಯಾಪದಗಳು ರೂಪ ಬದಲಿಸದ ಭಾಷೆಯಿಂದ ಬಂದವರು ‘ದ ಶಾಪ್ ಈಸ್ ಓಪನ್ಡ್’ ಎಂದೋ ‘ದ ಶಾಪ್ ಈಸ್ ಕ್ಲೋಸ್’ ಎಂದೋ ಬರೆಯುವುದು ಸಹಜವೇ.

ಉಚ್ಚಾರಣೆಯೂ ಇದಕ್ಕೆ ತಳಕು ಹಾಕಿಕೊಂಡಿದೆ. ಮ್ಯಾಂಡರಿನ್ನಿನಲ್ಲಿ ಪದದ ಕೊನೆಗೆ ವ್ಯಂಜನಗುಚ್ಛ ಬರುವುದಿಲ್ಲವಾದ್ದರಿಂದ ‘ಓಪನ್ಡ್’ ಎಂಬುದರ ‘ಡ್’ ಬಾಯಲ್ಲೇ ಉಳಿದು, ಭೂತಕಾಲವೂ ವರ್ತಮಾನವೂ ಒಂದೇ ಆಗಿ ಕೇಳಿಸುತ್ತವೆ. ಅದನ್ನು ಒತ್ತಿ ಹೇಳಿಸಹೊರಟರೆ ‘ಓಪನ್‌ಡ’ ಎಂದು ಹೊಸ ಸ್ವರವೊಂದು ಸೇರಿಕೊಳ್ಳುತ್ತದೆ. ಅದರ ಬದಲು ಸ್ವರದಿಂದ ಆರಂಭವಾಗುವ ಪದವನ್ನು ಮುಂದಿಟ್ಟು, ‘ಓಪನ್ಡ್ ಇಟ್’ ಎಂಬುದನ್ನು ‘ಓಪನ್ ಡಿಟ್’ ಎಂದು ಬಿಡಿಸಿ ಹೇಳಿಸಿದರೆ ‘ಡ್’ ಮುಂದಿನ ಪದದ ಹೆಗಲೇರಿ ಸಲೀಸಾಗಿ ಹೊರಬರುತ್ತದೆ. ಕೆಲವು ದಿನ ಹೀಗೆ ರೂಢಿಸಿದ ಮೇಲೆಯೇ ‘ಓಪನ್ಡ್ ದ ಡೋರ್’ ಎಂಬುದನ್ನು ಹೇಳಿಸಬೇಕು.